ಐರೋಲಿಯ ಕಪ್ಪೆ, ಖಾಡಿಯ ಫ್ಲೆಮಿಂಗೊ

ಪ್ರಶ್ನೆ: ನಾವು ಕಾರ್ಕಳದ ಕಡೆಯವರು, ನವಿ ಮುಂಬಯಿಯ ಐರೋಲಿಯಲ್ಲಿ ನೆಲೆಸಿ ಹದಿನಾರು ವರ್ಷಗಳಾದವು. ಕಳೆದ ಜನವರಿಯಲ್ಲಿ ನಮ್ಮ ಸೊಸೈಟಿಯ ತೋಟದಲ್ಲಿ ಮಾಲಿ ಗಿಡಕ್ಕೆ ಗುಂಡಿ ತೋಡುವಾಗ ಸುಮಾರು ಒಂದೂವರೆ ಅಡಿ ಆಳದಲ್ಲಿ ಒಂದು ದೊಡ್ಡ ಕಪ್ಪೆ ಸಿಕ್ಕಿತು. ಕಣ್ಣು ಮುಚ್ಚಿ, ಕೈಕಾಲು ಮಡಚಿಕೊಂಡು ಮಣ್ಣಿನ ಹೆಂಟೆಯಂತೆ ಬಿದ್ದಿತ್ತು. ಸತ್ತಿದೆ ಎಂದೇ ತಿಳಿದೆವು. ಬಕೆಟ್ಟಿನ ನೀರಿಗೆ ಹಾಕಿದ ಮೇಲೆ ನಿಧಾನವಾಗಿ ಕಾಲಾಡಿಸಿತು. ಏಳನೇ ತರಗತಿಯ ಮಗಳು ಇದು ಶಿಶಿರನಿದ್ರೆ, ಪುಸ್ತಕದಲ್ಲಿದೆ ಎಂದಳು. ಆದರೆ ಜನವರಿಯಲ್ಲೂ ಫ್ಯಾನು ಹಾಕಿಕೊಂಡು ಮಲಗುವ ಊರಿನಲ್ಲಿ ಅದು ಯಾವ ಚಳಿಗೆ ಅಡಗಿ ಕುಳಿತಿತ್ತು? ಅದೇ ವಾರ, ಕಡಲ ನೀರು ಒಳನುಗ್ಗುವ ಠಾಣೆ ಖಾಡಿಯಲ್ಲಿ ದೋಣಿಯವರು, ಸೈಬೀರಿಯಾದ ಚಳಿ ತಾಳಲಾರದೆ ಫ್ಲೆಮಿಂಗೊ ಹಕ್ಕಿಗಳು ಇಲ್ಲಿಗೆ ಬರುತ್ತವೆ ಎಂದರು. ಒಂದೇ ಕಾಲದಲ್ಲಿ ಒಂದು ಜೀವಿ ಇಲ್ಲಿ ಮಣ್ಣಿನೊಳಗೆ ಹೋಗುವುದು, ಇನ್ನೊಂದು ಇಲ್ಲಿಗೇ ಹುಡುಕಿಕೊಂಡು ಬರುವುದು ಹೇಗೆ?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣತೆ 7.4 ಡಿಗ್ರಿ ಸೆಲ್ಸಿಯಸ್, ಅದೂ 1962ರ ಜನವರಿಯದು. ಅಂಥ ರಾತ್ರಿಯಲ್ಲೂ ಒಂದೂವರೆ ಅಡಿ ಮಣ್ಣಿನ ಕೆಳಗಿರುವ ಕಪ್ಪೆಗೆ ಪ್ರಾಣಾಪಾಯವೇನೂ ಇಲ್ಲ. ಹಾಗಾದರೆ ಅದು ಅಡಗಿದ್ದು ಏಕೆಂದು ತಿಳಿಯಬೇಕಾದರೆ, "ಚಳಿಯಿಂದ ತಪ್ಪಿಸಿಕೊಳ್ಳಲು ಪ್ರಾಣಿಗಳು ವಲಸೆ ಹೋಗುತ್ತವೆ ಅಥವಾ ನಿದ್ರಿಸುತ್ತವೆ" ಎಂದು ಶಾಲೆಯ ಪಾಠಗಳಲ್ಲಿ ಸಾಮಾನ್ಯವಾಗಿ ಕಾಣುವ ಸಾಲನ್ನೇ ಮೊದಲು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿದ ನಾನೂ ಆರಂಭದ ವರ್ಷಗಳಲ್ಲಿ ಅದೇ ಸಾಲನ್ನು ಹೇಳಿಕೊಟ್ಟವನು, ಆದ್ದರಿಂದ ಪಾಠ ಬರೆದವರನ್ನು ಹೆಚ್ಚು ದೂರಲಾರೆ.

ಪ್ರಾಣಿಗಳು ಓಡಿಹೋಗುವುದು ಚಳಿಗಿಂತ ಹೆಚ್ಚಾಗಿ ಹಸಿವಿನಿಂದ. ಮೈತುಂಬ ಪುಕ್ಕ ಅಥವಾ ದಟ್ಟ ರೋಮವಿರುವ, ಹೊಟ್ಟೆಗೆ ಸಾಕಷ್ಟು ಸಿಗುವ ಪ್ರಾಣಿ ಎಂಥ ಚಳಿಯನ್ನಾದರೂ ತಡೆದುಕೊಳ್ಳುತ್ತದೆ. ಲಡಾಖಿನ ಚಾಂಗ್‌ಥಾಂಗ್ ಬಯಲಿನಲ್ಲಿ ಕಿಯಾಂಗ್ ಎಂಬ ಕಾಡುಕತ್ತೆ ಹಿಮದ ನಡುವೆಯೇ ಒಣಹುಲ್ಲು ಮೇಯ್ದುಕೊಂಡು ಚಳಿಗಾಲವನ್ನೆಲ್ಲ ಕಳೆಯುತ್ತದೆ, ಎಲ್ಲಿಗೂ ಹೋಗುವುದಿಲ್ಲ, ಮಲಗುವುದೂ ಇಲ್ಲ. ಅದೇ ಲಡಾಖಿನ ಸರೋವರಗಳಲ್ಲಿ ಬೇಸಿಗೆ ಕಳೆದ ಹೆಬ್ಬಾತು ಮಾತ್ರ ಅಲ್ಲಿ ನಿಲ್ಲಲಾರದು, ಏಕೆಂದರೆ ನೀರು ಹೆಪ್ಪುಗಟ್ಟಿ ಸುತ್ತಲಿನ ಹುಲ್ಲು ಹಿಮದಡಿ ಸೇರಿದ ಮೇಲೆ ಅದಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ಇಬ್ಬರಿಗೂ ಚಳಿ ಒಂದೇ, ಊಟದ ಲೆಕ್ಕ ಬೇರೆ. ನಮ್ಮ ಹಿರಿಯರು ಮುಂಬಯಿಗೆ ಬಂದದ್ದು ಊರಿನ ಮಳೆಗೆ ಹೆದರಿ ಅಲ್ಲವಷ್ಟೆ, ಇದೂ ಹಾಗೆಯೇ.

ಹೀಗೆ ಯೋಚಿಸಿದರೆ ಬರಗಾಲದ ತಿಂಗಳುಗಳನ್ನು ದಾಟಲು ಪ್ರಾಣಿಗಿರುವ ದಾರಿಗಳು ಮೂರೇ ಎಂದು ಕಾಣುತ್ತದೆ. ಇದ್ದಲ್ಲೇ ಇದ್ದು ಸಿಕ್ಕಿದ್ದನ್ನು ತಿನ್ನುವುದು ಒಂದು, ಊಟವಿರುವ ಕಡೆಗೆ ಹೋಗುವುದು ಇನ್ನೊಂದು, ಊಟವೇ ಬೇಡದಂತೆ ದೇಹದ ಖರ್ಚನ್ನು ಇಳಿಸಿಕೊಳ್ಳುವುದು ಮೂರನೆಯದು. ಈ ಮೂರನೆಯದೇ ಶಿಶಿರನಿದ್ರೆ. ಮೂರರಲ್ಲಿ ಅತ್ಯಂತ ವಿಚಿತ್ರವಾದದ್ದೂ ಅದೇ ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹಿಮಾಲಯದ ಮಾರ್ಮಟ್ ಎಂಬ ದಪ್ಪನೆಯ ಅಳಿಲು ಜಾತಿಯ ಪ್ರಾಣಿಯನ್ನು ಲಡಾಖಿಗೆ ಪ್ರವಾಸ ಹೋದವರು ರಸ್ತೆ ಬದಿಯಲ್ಲಿ ಹಿಂಗಾಲಿನ ಮೇಲೆ ನಿಂತು ಸಿಳ್ಳೆ ಹಾಕುವುದನ್ನು ನೋಡಿರುತ್ತಾರೆ. ಬೇಸಿಗೆಯಲ್ಲಿ ಸಿಕ್ಕಷ್ಟು ಹುಲ್ಲು ತಿಂದು ಕೊಬ್ಬು ಕಟ್ಟಿಕೊಂಡು, ಶರತ್ಕಾಲ ಮುಗಿಯುವ ಹೊತ್ತಿಗೆ ಇಡೀ ಕುಟುಂಬ ಒಂದೇ ಬಿಲದೊಳಗೆ ಸೇರಿ ಬಾಯಿಯನ್ನು ಮಣ್ಣು ಕಲ್ಲುಗಳಿಂದ ಒಳಗಿನಿಂದಲೇ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಅರ್ಧ ವರ್ಷಕ್ಕೂ ಹೆಚ್ಚು ಕಾಲ ಅವು ಹೊರಗೆ ಕಾಣುವುದಿಲ್ಲ. ನಮ್ಮಲ್ಲಿ ಕುಂಭಕರ್ಣನ ನಿದ್ದೆ ಎನ್ನುತ್ತೇವೆ, ಆದರೆ ಕುಂಭಕರ್ಣ ಗೊರಕೆ ಹೊಡೆಯುತ್ತಿದ್ದ, ಇವುಗಳಿಗೆ ಉಸಿರಾಟವೇ ಇದೆಯೋ ಇಲ್ಲವೋ ಎಂಬಂತಿರುತ್ತದೆ. ಇದೇ ವರ್ಗದ ನೆಲದಳಿಲುಗಳಲ್ಲಿ ಎಚ್ಚರವಿರುವಾಗ ನಿಮಿಷಕ್ಕೆ ಇನ್ನೂರಕ್ಕೂ ಮಿಕ್ಕಿ ಬಡಿಯುವ ಹೃದಯ ಈ ಸ್ಥಿತಿಯಲ್ಲಿ ಕೆಲವೇ ಬಡಿತಗಳಿಗೆ ಇಳಿಯುತ್ತದೆ. ಅಲಾಸ್ಕದ ಆರ್ಕ್ಟಿಕ್ ನೆಲದಳಿಲಿನ ದೇಹದ ಒಳ ಉಷ್ಣತೆ ಸೊನ್ನೆಗಿಂತಲೂ ಕೆಳಗೆ, ಮೈನಸ್ 2.9 ಡಿಗ್ರಿಯವರೆಗೂ ಹೋದದ್ದನ್ನು 1989ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು. ಆದರೂ ಅದರ ರಕ್ತ ಹೆಪ್ಪುಗಟ್ಟುವುದಿಲ್ಲ.

ಇದನ್ನು ನಿದ್ರೆ ಎಂದು ಕರೆಯುವುದೇ ಅಷ್ಟು ಸರಿಯಲ್ಲ. ಎರಡು ಮೂರು ವಾರಗಳಿಗೊಮ್ಮೆ ಈ ಪ್ರಾಣಿಗಳು ಭುಜದ ಸುತ್ತ ಶೇಖರವಾಗಿರುವ ಕಂದುಕೊಬ್ಬನ್ನು ಉರಿಸಿ ಮೈಯನ್ನು ಮತ್ತೆ ಬಿಸಿಮಾಡಿಕೊಳ್ಳುತ್ತವೆ, ಹಾಗೆ ಬಿಸಿಯಾದ ಕೆಲವು ಗಂಟೆಗಳ ಹೆಚ್ಚಿನ ಪಾಲನ್ನು ನಿಜವಾದ ನಿದ್ದೆ ಮಾಡುವುದರಲ್ಲಿ ಕಳೆಯುತ್ತವೆ, ಬಳಿಕ ಪುನಃ ತಣ್ಣಗಾಗುತ್ತವೆ. ಅಂದರೆ ವಾರಗಟ್ಟಲೆ ತಣ್ಣಗೆ ಬಿದ್ದಿರುವಾಗ ಮೆದುಳಿಗೆ ನಿದ್ದೆಯ ಸಾಲ ಏರುತ್ತಲೇ ಇರುತ್ತದೆ! ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬಿನ ಬಹುಪಾಲು ಖರ್ಚಾಗುವುದೂ ಈ ನಡುನಡುವಿನ ಎಚ್ಚರಗಳಿಗೇ. ಬಾವಲಿಗಳು ಮಲಗಿರುವ ಗುಹೆಗೆ ಚಳಿಗಾಲದಲ್ಲಿ ಜನ ನುಗ್ಗಿ ಗದ್ದಲ ಮಾಡಬಾರದು ಎಂದು ಶೀತದೇಶಗಳಲ್ಲಿ ಕಟ್ಟುನಿಟ್ಟಾಗಿ ಹೇಳುವುದು ಈ ಕಾರಣಕ್ಕೆ: ಒಂದು ಅನಗತ್ಯ ಎಚ್ಚರಕ್ಕೆ ಹಲವು ದಿನಗಳ ಬುತ್ತಿ ಖಾಲಿಯಾಗುತ್ತದೆ. ಈ ಮಾತನ್ನು ನಿಮ್ಮ ಕಪ್ಪೆಯ ವಿಷಯದಲ್ಲಿ ಮತ್ತೆ ನೆನಪಿಸುತ್ತೇನೆ.

ಕರಡಿಯ ಬಗ್ಗೆ ಮಗಳು ಕೇಳಿಯೇ ಕೇಳುತ್ತಾಳೆ. ಉತ್ತರ ಅಮೆರಿಕದ ಕಪ್ಪು ಕರಡಿ ಮಲಗುವುದು ನಿಜ, ಆದರೆ ಅದರ ಮೈ ಸುಮಾರು 30ರಿಂದ 36 ಡಿಗ್ರಿಯಷ್ಟು ಬೆಚ್ಚಗೇ ಇರುತ್ತದೆ, ತಿಂಗಳುಗಟ್ಟಲೆ ಅದು ತಿನ್ನುವುದೂ ಇಲ್ಲ, ಮಲಮೂತ್ರ ವಿಸರ್ಜಿಸುವುದೂ ಇಲ್ಲ, ಹೆಣ್ಣು ಕರಡಿ ಆ ಗುಹೆಯಲ್ಲೇ ಮರಿ ಹಾಕಿ ಹಾಲೂಡಿಸುತ್ತದೆ. ನಮ್ಮ ದರೋಜಿಯ ಕರಡಿಗಳಿಗೆ ಈ ತಾಪತ್ರಯವಿಲ್ಲ. ಗೆದ್ದಲು, ಇರುವೆ, ಹಣ್ಣು ಎಂದು ವರ್ಷವಿಡೀ ಏನಾದರೊಂದು ಸಿಗುವಾಗ ಮಲಗುವ ಪ್ರಶ್ನೆಯೇ ಬರುವುದಿಲ್ಲ.

ಹಾಗಾದರೆ ಬೆಚ್ಚನೆಯ ನಾಡಿನಲ್ಲಿ ಯಾರೂ ಇಂಥ ನಿದ್ರೆ ಮಾಡುವುದಿಲ್ಲವೇ? ಬಹಳ ಕಾಲ ವಿಜ್ಞಾನಿಗಳೂ ಹಾಗೆಯೇ ತಿಳಿದಿದ್ದರು. ಮಡಗಾಸ್ಕರ್ ದ್ವೀಪದ ಪಶ್ಚಿಮದ ಒಣಕಾಡುಗಳಲ್ಲಿ ದಪ್ಪ ಬಾಲದ ಕುಬ್ಜ ಲೀಮರ್ ಎಂಬ, ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಪ್ರಾಣಿಯೊಂದಿದೆ. ನಮ್ಮ ಕಾಡುಪಾಪದ ದೂರದ ಬಂಧು. ಮಳೆಗಾಲದಲ್ಲಿ ತಿಂದದ್ದನ್ನೆಲ್ಲ ಬಾಲದಲ್ಲಿ ಕೊಬ್ಬಾಗಿ ತುಂಬಿಸಿಕೊಂಡು, ಒಣ ತಿಂಗಳುಗಳು ಬಂದೊಡನೆ ಮರದ ಪೊಟರೆ ಸೇರಿ ಏಳು ತಿಂಗಳು ಶಿಶಿರನಿದ್ರೆಯಲ್ಲೇ ಇರುತ್ತದೆ ಎಂಬುದು 2004ರಲ್ಲಿ ಸ್ಪಷ್ಟವಾಯಿತು. ಪೊಟರೆಯ ಹೊರಗೆ ಹಗಲಿನ ಉಷ್ಣತೆ 30 ಡಿಗ್ರಿ ದಾಟಿದರೂ ಅದು ಏಳುವುದಿಲ್ಲ, ದಿನದ ಬಿಸಿಯೊಂದಿಗೆ ಅದರ ಮೈಯೂ ಏರಿಳಿಯುತ್ತದೆ. ಅಲ್ಲಿ ಚಳಿಯ ಸುಳಿವೇ ಇಲ್ಲ. ಇರುವುದು ಹಣ್ಣು, ಹುಳು, ನೀರುಗಳ ಬರ ಮಾತ್ರ.

ಈಗ ನಿಮ್ಮ ತೋಟದ ಗುಂಡಿಗೆ ಬರೋಣ. ನೀವು ಹೇಳಿದ ಗಾತ್ರ ಮತ್ತು ಆಳವನ್ನು ನೋಡಿದರೆ ಅದು ಗೋಂಕರು ಕಪ್ಪೆ, ಅಂದರೆ ಮಳೆಗಾಲದ ಮೊದಲ ದಿನಗಳಲ್ಲಿ ಗಂಡುಗಳು ಹಳದಿ ಬಣ್ಣಕ್ಕೆ ತಿರುಗಿ ಗಂಟಲಿನ ಇಬ್ಬದಿಯ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುವ ದೊಡ್ಡ ಕಪ್ಪೆ ಇರಬಹುದು. ಮುಂಬಯಿಯಲ್ಲಿ ಮಳೆ ಜೂನಿನಿಂದ ಸೆಪ್ಟೆಂಬರಿನವರೆಗೆ. ಅಕ್ಟೋಬರಿನ ಸೆಕೆಯಲ್ಲಿ ನೆಲದ ಮೇಲಿನ ಪಸೆ ಆರುತ್ತದೆ, ದೀಪಾವಳಿ ಕಳೆಯುವಷ್ಟರಲ್ಲಿ ಹೊಂಡಗಳು ಬತ್ತುತ್ತವೆ, ಮಳೆಹುಳುಗಳ ಸಂತೆ ಮುಗಿಯುತ್ತದೆ. ಕಪ್ಪೆಯ ಚರ್ಮ ನಮ್ಮ ಚರ್ಮದಂತಲ್ಲ, ಅದು ಒದ್ದೆ ಬಟ್ಟೆಯಿದ್ದ ಹಾಗೆ, ಒಣಗಾಳಿಗೆ ನೀರು ಆರುತ್ತಲೇ ಇರುತ್ತದೆ. ಆದ್ದರಿಂದ ಅದು ಹಿಂಗಾಲುಗಳಿಂದ ಹಿಂದಕ್ಕೆ ಹಿಂದಕ್ಕೆ ಮಣ್ಣು ತೋಡುತ್ತ, ಹಿಂಬದಿಯನ್ನೇ ಮೊದಲು ಇಳಿಸಿಕೊಂಡು, ಪಸೆ ಉಳಿದಿರುವ ಪದರವನ್ನು ಸೇರುತ್ತದೆ. ಅಲ್ಲಿ ಕೈಕಾಲು ಮಡಚಿ, ಹೊರಗೆ ಕಾಣುವ ಚರ್ಮವನ್ನು ಆದಷ್ಟು ಕಡಿಮೆ ಮಾಡಿಕೊಂಡು, ಮೂತ್ರಕೋಶದಲ್ಲಿ ಉಳಿಸಿಕೊಂಡ ನೀರನ್ನು ಸ್ವಲ್ಪ ಸ್ವಲ್ಪವಾಗಿ ಒಳಗೇ ಹೀರಿಕೊಳ್ಳುತ್ತ ಕಾಯುತ್ತದೆ. ನೀವು ಕಂಡ ಮಣ್ಣಿನ ಹೆಂಟೆಯ ಆಕಾರ ಸಾವಿನದಲ್ಲ, ಅದು ಮಿತವ್ಯಯದ ಆಕಾರ. ಇನ್ನೊಮ್ಮೆ ಹೀಗೆ ಸಿಕ್ಕಿದರೆ ಗಂಟಲಿನ ಕೆಳಗಿನ ತೆಳು ಚರ್ಮವನ್ನು ಬೆಳಕಿನಲ್ಲಿ ಐದು ನಿಮಿಷ ಅಲುಗಾಡದೆ ನೋಡಿ. ಒಮ್ಮೆಯಾದರೂ ಅದು ಮೆಲ್ಲನೆ ಮಿಡಿದದ್ದು ಕಂಡೀತು.

ಇದಕ್ಕೆ ಗ್ರೀಷ್ಮನಿದ್ರೆ ಎಂಬ ಹೆಸರಿದೆ. ಜನವರಿಯಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಅದನ್ನು ಶಿಶಿರನಿದ್ರೆ ಎನ್ನಲಾಗದು, ಏಕೆಂದರೆ ಅದೇ ಜಾಗದಲ್ಲಿ ಮೇ ತಿಂಗಳಲ್ಲಿ ಅಗೆದಿದ್ದರೂ ಅದು ಹಾಗೆಯೇ ಸಿಗುತ್ತಿತ್ತು. ಆದರೂ ಮಗಳು ಗುರುತಿಸಿದ ಸಾಮ್ಯ ಸುಳ್ಳಲ್ಲ: ಕಾಶ್ಮೀರದಂಥ ಕಡೆ ಕಪ್ಪೆಗಳು ಅಡಗುವುದು ನಿಜವಾಗಿಯೂ ಚಳಿಗಾಲದಲ್ಲಿ, ಅಲ್ಲಿನ ಬರಗಾಲ ಹಿಮದ ರೂಪದಲ್ಲಿ ಬರುತ್ತದೆ, ಇಲ್ಲಿನದು ಒಣಮಣ್ಣಿನ ರೂಪದಲ್ಲಿ. ನಮ್ಮ ಬಸವನಹುಳುಗಳೂ ಇದೇ ತಿಂಗಳುಗಳಲ್ಲಿ ಚಿಪ್ಪಿನ ಬಾಯಿಗೆ ಒಣಗಿದ ಲೋಳೆಯ ಪರದೆ ಕಟ್ಟಿಕೊಂಡು ಗೋಡೆಗೆ ಅಂಟಿರುತ್ತವೆ, ನೀವು ನೋಡಿರಬಹುದು.

ಕಪ್ಪೆಯೂ ಹಕ್ಕಿಯಂತೆ ಬೇರೆಡೆಗೆ ಹೋಗಬಾರದೇ ಎಂದರೆ, ಹೋಗಲು ಅದಕ್ಕೆ ಗತಿಯಿಲ್ಲ. ಒಂದು ಕಿಲೋಮೀಟರು ಸಾಗಲು ಬೇಕಾಗುವ ಶಕ್ತಿಯನ್ನು ಅದೇ ತೂಕದ ಪ್ರಾಣಿಗಳಲ್ಲಿ ಹೋಲಿಸಿದರೆ, ನೆಲದ ಮೇಲೆ ಓಡುವುದಕ್ಕಿಂತ ಹಾರುವುದು ಎಷ್ಟೋ ಅಗ್ಗ. ಕುಪ್ಪಳಿಸಿಕೊಂಡು ಹೋಗುವ ಕಪ್ಪೆ ಒಣನೆಲ ದಾಟುವ ಮೊದಲೇ ಒಣಗಿಹೋಗುತ್ತದೆ. ರೆಕ್ಕೆಯಿದ್ದವರ ಸಂಗತಿ ಬೇರೆ. ಅಲಾಸ್ಕದಲ್ಲಿ ಟ್ರಾನ್ಸ್‌ಮಿಟರ್ ಕಟ್ಟಿದ ಪಟ್ಟೆಬಾಲದ ಗಾಡ್‌ವಿಟ್ ಎಂಬ ಕಡಲತೀರದ ಹಕ್ಕಿಯ ಮರಿಯೊಂದು 2022ರ ಅಕ್ಟೋಬರಿನಲ್ಲಿ ಎಲ್ಲೂ ಇಳಿಯದೆ, ತಿನ್ನದೆ, ಕುಡಿಯದೆ, 11 ದಿನಗಳಲ್ಲಿ ಸುಮಾರು 13,560 ಕಿಲೋಮೀಟರು ಹಾರಿ ಆಸ್ಟ್ರೇಲಿಯದ ಟಾಸ್ಮೇನಿಯ ತಲುಪಿತು. ಹೊರಡುವ ಮುಂಚೆ ಈ ಹಕ್ಕಿಗಳ ತೂಕದಲ್ಲಿ ಅರ್ಧದಷ್ಟು ಬರೀ ಕೊಬ್ಬೇ ಇರುತ್ತದೆ, ದಾರಿಯಲ್ಲಿ ಬಳಕೆಯಿಲ್ಲದ ಜೀರ್ಣಾಂಗಗಳು ಕುಗ್ಗಿರುತ್ತವೆ. ಮಾರ್ಮಟ್ ಕೂಡಿಟ್ಟ ಕೊಬ್ಬನ್ನು ಬಿಲದಲ್ಲಿ ನಿಧಾನವಾಗಿ ಕರಗಿಸಿದರೆ ಈ ಹಕ್ಕಿ ಆಕಾಶದಲ್ಲಿ ಹನ್ನೊಂದೇ ದಿನಕ್ಕೆ ಕರಗಿಸುತ್ತದೆ. ಬುತ್ತಿ ಒಂದೇ, ಉಣ್ಣುವ ಕ್ರಮ ಬೇರೆ.

ಹಕ್ಕಿಗಳು ಚಳಿಗಾಲದಲ್ಲಿ ಕಾಣೆಯಾಗುವುದನ್ನು ಯುರೋಪಿನವರು ಶತಮಾನಗಳ ಕಾಲ ನಿದ್ರೆಯೆಂದೇ ನಂಬಿದ್ದರು. ಬಾನಾಡಿಗಳು ಕೆರೆಯ ಕೆಸರಿನಲ್ಲಿ ಮಲಗಿರುತ್ತವೆ ಎಂಬ ಮಾತೂ ಇತ್ತು. 1822ರಲ್ಲಿ ಜರ್ಮನಿಯ ಕ್ಲ್ಯೂಟ್ಸ್ ಎಂಬಲ್ಲಿ ಆಫ್ರಿಕದ ಬಾಣವೊಂದು ಕುತ್ತಿಗೆಯಲ್ಲಿ ನೆಟ್ಟಿದ್ದ ಬಿಳಿ ಕೊಕ್ಕರೆ ಸಿಕ್ಕಿದಾಗ ಆ ನಂಬಿಕೆ ಅಲುಗಾಡಿತು. ಆ ಕೊಕ್ಕರೆ ಬಾಣದ ಸಮೇತ ಇಂದಿಗೂ ರಾಸ್ಟಾಕ್ ವಿಶ್ವವಿದ್ಯಾಲಯದಲ್ಲಿದೆ. ನಮ್ಮಲ್ಲಿ ಈ ಕೆಲಸವನ್ನು ಬಾಣದ ಬದಲು ಕಾಲುಂಗುರ ಮಾಡಿತು. 1883ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಹಕ್ಕಿಗಳ ಕಾಲಿಗೆ ಸಂಖ್ಯೆ ಬರೆದ ಹಗುರವಾದ ಉಂಗುರ ತೊಡಿಸಿ ಬಿಡುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ 1959ರಿಂದ ನಡೆಸಿದ ಮೇಲೆ, ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಎಂಬುದು ಊಹೆಯಾಗಿ ಉಳಿಯಲಿಲ್ಲ.

ಇಷ್ಟು ಹೇಳಿದ ಮೇಲೆ ಫ್ಲೆಮಿಂಗೊ. ದೋಣಿಯವರ ಮಾತನ್ನು ಇಲ್ಲಿ ಒಪ್ಪಲಾಗದು. ಠಾಣೆ ಖಾಡಿಯ ಫ್ಲೆಮಿಂಗೊಗಳು ಸೈಬೀರಿಯಾದವಲ್ಲ, ಗುಜರಾತಿನ ಕಚ್ಛದ ರಣ ಅವುಗಳ ಮುಖ್ಯ ತವರು. ಮಳೆಗಾಲದಲ್ಲಿ ರಣದ ಉಪ್ಪುನೆಲದ ಮೇಲೆ ತೆಳುವಾಗಿ ನೀರು ಹರಡಿಕೊಂಡಾಗ ಅಲ್ಲಿ ಅವು ಕೆಸರಿನ ಗುಪ್ಪೆಗಳನ್ನು ಕಟ್ಟಿ ಮೊಟ್ಟೆಯಿಡುತ್ತವೆ, ಆ ನೀರು ಆರುತ್ತ ಬಂದಂತೆ ಹೊರಡುತ್ತವೆ. ಹೊರಡಿಸುವುದು ಹಿಮವಲ್ಲ, ಬತ್ತುವ ನೀರು. ಅಂದರೆ ನಿಮ್ಮ ಕಪ್ಪೆಯನ್ನು ಮಣ್ಣಿಗಿಳಿಸಿದ ಕಾರಣವೇ ಇವುಗಳನ್ನು ಮುಂಬಯಿಗೆ ತಂದದ್ದು! 2022ರಲ್ಲಿ ಖಾಡಿಯ ಆರು ಫ್ಲೆಮಿಂಗೊಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿದಾಗಲೂ ಅವುಗಳ ಜಾಡು ಗುಜರಾತಿನ ಕರಾವಳಿಯತ್ತಲೇ ಸಾಗಿತು.

ಇಲ್ಲಿ ಅವುಗಳಿಗೆ ಇರುವುದಾದರೂ ಏನು? ಇಳಿತದ ಹೊತ್ತಿಗೆ ಐರೋಲಿಯ ದಡದಲ್ಲಿ ದುರ್ಬೀನು ಹಿಡಿದು ಒಂದೇ ಒಂದು ಹಕ್ಕಿಯನ್ನು ಆರಿಸಿಕೊಂಡು ನೋಡಿ. ಅದು ತಲೆಯನ್ನು ಸಂಪೂರ್ಣ ತಲೆಕೆಳಗು ಮಾಡಿ, ಕೊಕ್ಕಿನ ಮೇಲ್ಭಾಗವನ್ನು ಕೆಸರಿನ ಕಡೆಗೆ ಹಾಕಿ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸವರುತ್ತ ನಡೆಯುತ್ತದೆ. ದಪ್ಪ ನಾಲಿಗೆ ಕೈಪಂಪಿನ ಕೊಂತದಂತೆ ಹಿಂದೆ ಮುಂದೆ ಆಡಿ ನೀರನ್ನು ಒಳಗೆಳೆದು ಹೊರಗೆ ತಳ್ಳುತ್ತದೆ, ಕೊಕ್ಕಿನ ಅಂಚಿನ ಸಣ್ಣ ಹಲ್ಲುಗಳಂಥ ರಚನೆ ಜರಡಿಯಾಗಿ ಪಾಚಿಯನ್ನು ಹಿಡಿದಿಡುತ್ತದೆ. ಖಾಡಿಯಲ್ಲಿ ಹೆಚ್ಚಾಗಿರುವ ಸಣ್ಣ ಫ್ಲೆಮಿಂಗೊ ಈ ಕಣ್ಣಿಗೆ ಕಾಣದ ಪಾಚಿಯನ್ನೇ ನಂಬಿರುವಂಥದ್ದು, ಅದರ ಗುಲಾಬಿ ಬಣ್ಣ ಬಂದದ್ದೂ ಅದರಿಂದಲೇ. ದೊಡ್ಡ ಫ್ಲೆಮಿಂಗೊ ಸಿಗಡಿಯಂಥ ಸಣ್ಣ ಜೀವಿಗಳನ್ನೂ ಹುಡುಕುತ್ತದೆ. ನಮ್ಮ ನಗರದ ಕೊಳಚೆ ಖಾಡಿಗೆ ಸೇರಿ ಪಾಚಿಗೆ ಗೊಬ್ಬರವಾದದ್ದು ಈ ಹಕ್ಕಿಗಳನ್ನು 1990ರ ದಶಕದಿಂದ ಇಲ್ಲಿಗೆ ಸೆಳೆಯುತ್ತಿರುವ ಕಾರಣಗಳಲ್ಲೊಂದು ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಹೆಮ್ಮೆಪಡಬೇಕೋ ನಾಚಬೇಕೋ ನನಗೆ ಇಂದಿಗೂ ಗೊತ್ತಾಗಿಲ್ಲ. ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ದೋಣಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಫ್ಲೆಮಿಂಗೊಗಳ ಕಾಲಿನ ಸುತ್ತ ಕೆಸರಿನಲ್ಲಿ ಇಲಿಮರಿಗಳಂತೆ ಓಡಾಡುವ ಪುಟ್ಟ ಬೂದು ಹಕ್ಕಿಗಳನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಅವುಗಳಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್ ಮತ್ತು ಲಿಟಲ್ ಸ್ಟಿಂಟ್ ನಿಜವಾಗಿಯೂ ಉತ್ತರ ಧ್ರುವದ ಅಂಚಿನ ಬಯಲುಗಳಲ್ಲಿ ಹುಟ್ಟಿದವು. ಸ್ಟಿಂಟ್‌ನ ತೂಕ ಹತ್ತು ರೂಪಾಯಿಯ ಮೂರು ನಾಣ್ಯಗಳಷ್ಟು. ಅದರ ತವರಿನಲ್ಲಿ ಚಳಿಗಾಲವೆಂದರೆ ಸೂರ್ಯನೇ ಹುಟ್ಟದ ದಿನಗಳು, ಕಲ್ಲಿನಂತಾದ ನೆಲ. ಇಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲೂ ಸುಮಾರು ಹನ್ನೊಂದು ಗಂಟೆ ಇರುತ್ತದೆ, ದಿನಕ್ಕೆರಡು ಬಾರಿ ಸಮುದ್ರ ತಾನಾಗಿಯೇ ಹಿಂದೆ ಸರಿದು ಹುಳು ತುಂಬಿದ ಕೆಸರನ್ನು ತೆರೆದಿಡುತ್ತದೆ. ಮಳೆಯಿಲ್ಲದಿದ್ದರೂ ಒಣಗದ ಊಟದ ಮನೆ ಇದು, ಏಕೆಂದರೆ ಇದಕ್ಕೆ ನೀರುಣಿಸುವುದು ಮೋಡವಲ್ಲ, ಉಬ್ಬರ. ನಿಮ್ಮ ತೋಟಕ್ಕೂ ಖಾಡಿಗೂ ನಡುವೆ ಒಂದೆರಡು ಕಿಲೋಮೀಟರು ಅಂತರವಿದ್ದೀತು, ಆದರೆ ಜನವರಿಯಲ್ಲಿ ಒಂದು ಬರಪೀಡಿತ ನಾಡು, ಇನ್ನೊಂದು ಸುಗ್ಗಿಯ ನಾಡು. ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದೇ.

ವಾಶಿಯ ಸೇತುವೆಯಲ್ಲೋ ಘಾರಾಪುರಿಗೆ ಹೋಗುವ ಲಾಂಚಿನಲ್ಲೋ ಮುತ್ತಿಕೊಳ್ಳುವ ಸೀಗಲ್‌ಗಳಲ್ಲಿ ಕಂದುತಲೆಯದು ಲಡಾಖ್ ಮತ್ತು ಟಿಬೆಟ್ಟಿನ ಎತ್ತರದ ಸರೋವರಗಳಿಂದ ಬರುವಂಥದ್ದು. ಅವುಗಳಿಗೆ ಗಾಠಿಯಾ, ಸೇವ್ ಎಸೆಯುವುದನ್ನು ದಯವಿಟ್ಟು ನಿಲ್ಲಿಸಿ, ಪಕ್ಕದವರಿಗೂ ಹೇಳಿ. ಎಣ್ಣೆ ಉಪ್ಪುಗಳ ಆ ತಿಂಡಿಯಿಂದ ಹೊಟ್ಟೆ ತುಂಬಿದ ಹಕ್ಕಿ ಮೀನು ಹುಳುಗಳನ್ನು ಹಿಡಿಯುವುದು ಕಡಿಮೆಯಾಗುತ್ತದೆ, ವಸಂತದಲ್ಲಿ ಮರಳಿ ಹಾರಲು ಬೇಕಾದ ಸತ್ತ್ವ ಕರಿದ ಕಡಲೆಹಿಟ್ಟಿನಲ್ಲಿ ಇಲ್ಲ. ಕರ್ನಾಟಕಕ್ಕೆ ರಜೆಯಲ್ಲಿ ಹೋದಾಗ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ಮಗಳಿಗೆ ತೋರಿಸಿ. ಮೇಲೆ ಹೇಳಿದ ಜಾತಿಯ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿಗೆ ದೊಡ್ಡ ಗುಂಪುಗಳಲ್ಲಿ ಬರುತ್ತವೆ. ಹಿಮಾಲಯ ದಾಟುವಾಗ ಇವು 7,290 ಮೀಟರು ಎತ್ತರದವರೆಗೂ ಏರಿದ್ದು ದಾಖಲಾಗಿದೆ. ಅಷ್ಟು ವಿರಳವಾದ ಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ.

ಫ್ಲೆಮಿಂಗೊಗಳು ಮರಳುವುದು ಮೇ, ಜೂನ್ ಹೊತ್ತಿಗೆ, ಹೆಚ್ಚಾಗಿ ರಾತ್ರಿಯಲ್ಲಿ. 2024ರ ಮೇ 20ರ ರಾತ್ರಿ ಘಾಟ್ಕೋಪರ್ ಬಳಿ ಇಳಿಯುತ್ತಿದ್ದ ವಿಮಾನಕ್ಕೆ ಬಡಿದು ಮೂವತ್ತಕ್ಕೂ ಹೆಚ್ಚು ಹಕ್ಕಿಗಳು ಸತ್ತ ಸುದ್ದಿಯನ್ನು ನೀವು ಓದಿರುತ್ತೀರಿ. ಉಬ್ಬರದ ವೇಳೆಗೆ ಅವು ನಿಂತು ವಿಶ್ರಮಿಸುವ ನೆರೂಳ್, ಉರಣ್ ಕಡೆಯ ಜೌಗುಗಳು ಉಳಿಯಬೇಕೆಂದು ಪಕ್ಷಿಪ್ರಿಯರು ಹಟ ಹಿಡಿಯುವುದು ಸುಮ್ಮನೆ ಅಲ್ಲ. ಖಾಡಿಯಲ್ಲಿ ಊಟ ಎಷ್ಟೇ ಇದ್ದರೂ, ಕೆಸರು ನೀರಿನಡಿ ಮುಳುಗಿರುವ ಹೊತ್ತಿನಲ್ಲಿ ಕಾಲೂರಲು ಹತ್ತಿರದಲ್ಲೇ ಒಂದು ತಾಣ ಬೇಕು.

ಇನ್ನು ಆ ಕಪ್ಪೆಯನ್ನು ನೀರಿಗೆ ಹಾಕಿದ್ದು ತಪ್ಪಾಯಿತೇ ಎಂದು ನೀವು ಕೇಳದಿದ್ದರೂ ಮಗಳು ಕೇಳಬಹುದು. ಜೀವಕ್ಕೆ ತೊಂದರೆಯಾಗಿರಲಾರದು, ಚರ್ಮದ ಮೂಲಕ ಅದು ಒಂದಷ್ಟು ನೀರನ್ನು ಕುಡಿದೇ ಇರುತ್ತದೆ. ಆದರೆ ಅಕಾಲದ ಎಚ್ಚರ ಬುತ್ತಿಯನ್ನು ತಿನ್ನುತ್ತದೆ ಎಂದು ಮೇಲೆ ಹೇಳಿದೆನಲ್ಲ, ಆ ಲೆಕ್ಕ ಇದಕ್ಕೂ ಅನ್ವಯಿಸುತ್ತದೆ. ಮುಂದೆ ಹೀಗೆ ಸಿಕ್ಕಿದರೆ ನೆರಳಿರುವ ಕಡೆ, ಮಾಲಿ ದಿನವೂ ನೀರು ಹಾಯಿಸುವ ಪಾತಿಯ ಪಕ್ಕದಲ್ಲಿ ಅಷ್ಟೇ ಆಳದ ಗುಂಡಿ ತೋಡಿ, ಕಪ್ಪೆಯನ್ನು ಸಿಕ್ಕಿದ ಭಂಗಿಯಲ್ಲೇ ಇಳಿಸಿ, ಪಸೆಯಿರುವ ಸಡಿಲ ಮಣ್ಣನ್ನು ಒತ್ತದೆ ಮುಚ್ಚಿಬಿಡಿ. ಮೇಲೊಂದು ಕಡ್ಡಿ ನೆಟ್ಟು ಗುರುತು ಮಾಡಿದರೆ ಮಾಲಿಯ ಗುದ್ದಲಿ ಮತ್ತೆ ಅಲ್ಲಿಗೆ ಬೀಳುವುದಿಲ್ಲ. ಜೂನಿನ ಮೊದಲ ದೊಡ್ಡ ಮಳೆಯ ರಾತ್ರಿ ಮಗಳನ್ನು ಕಿಟಕಿಯ ಬಳಿ ಕೂರಿಸಿ. ಕೂಗು ಕೇಳಿದರೆ, ಮರುದಿನ ಬೆಳಿಗ್ಗೆ ಆ ಕಡ್ಡಿಯ ಬುಡದ ಮಣ್ಣು ಒಳಗಿನಿಂದ ಸರಿದಿದೆಯೇ ಎಂದು ನೋಡಿ ನನಗೆ ಬರೆಯಿರಿ.